ಬೆನ್ನ ಮೇಲೆ ಏನೂ ಬರೆಯಬಾರದು

ಸಾಲಗಾಮೆ ರಸ್ತೆಯ ಪಟ್ಟಾಭಿ ಹೋಟೆಲಿನಲ್ಲಿ
ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬಳು
ನಮಗೆ ಬೆನ್ನು ಹಾಕಿ ಕೂತು
ಲಾಟೀನಿನ ಗಾಜು ಒರೆಸುತ್ತಿದ್ದಾಳೆ.
ಎಣ್ಣೆಬಣ್ಣ. ಚೌಕಟ್ಟಿಗೆ ಗೆದ್ದಲು.
ಹಾಡು ಒಂಬತ್ತಾಗಿ, ಆಲ್ಬಮ್ಮಿಗೆ ‘ಮಸಿ’ ಅಂತ ಹೆಸರಿಟ್ಟ ರಾತ್ರಿ
ಇಮ್ತಿಯಾಜ್ ಖಾಲಿದೋಸೆಯಿಂದ ತಲೆಯೆತ್ತಿದ:
“ಕವರು ಇಲ್ಲೇ ನೇತಾಡ್ತಿದೆಯಲ್ರೋ!”

ಪಟ್ಟಾಭಿಗಳು ಧಾರಾಳಿ.
“ನನ್ ಗೋಡೆ, ನನ್ ಮೊಳೆ, ನಮ್ಮಪ್ಪ ಕೊಟ್ಟ ದುಡ್ಡು.
ಫೋಟೋ ಹೊಡ್ಕಳಿ. ಹಳೇ ಬಾಕಿ ಮಾತ್ರ ತೀರ್ಸಿ.”

ಕೋರ್ಟಿನೆದುರು ಟೈಪಿಂಗ್ ಅಂಗಡಿಯ ಮಹಡಿಯಲ್ಲಿ
ವಕೀಲೆ ದಾಕ್ಷಾಯಿಣಿ ಚುರುಮುರಿ ಪೊಟ್ಟಣ ಬದಿಗಿಟ್ಟು ಹೇಳಿದರು:
ಗೋಡೆ ಅವರದು. ಮೊಳೆ ಅವರದು.
ಬಟ್ಟೆ, ಕಟ್ಟು, ಗೆದ್ದಲು ಕೂಡ ಅವರದೇ.
ಅಚ್ಚು ಹಾಕುವ ಹಕ್ಕು ಬರೆದವನದು.
ಅವನು ಸತ್ತ ವರ್ಷ ಮುಗಿದ ಮೇಲೆ ಅರವತ್ತು ವರ್ಷ
ಅವನ ಮನೆಯವರದು.
ಆಮೇಲೆ ಊರಿನದು, ಬೀದಿಯದು, ನಿಮ್ಮದು, ನನ್ನದು.
“ಯಾವಾಗ ಸತ್ತರು? ಮೊದಲು ಅದು ನೋಡಿ.”

ನಾನು ಡ್ರಮ್ಮು. ಎಣಿಸುವ ಕೆಲಸ ನನ್ನ ಪಾಲಿಗೆ.
ಮೂಲೆಯಲ್ಲಿ ಇರುವೆಸಾಲಿನಂಥ ಸಹಿ: ಎಂ. ಕಾಳಾಚಾರ್.

ನಗರಸಭೆಯ ಜನನ ಮರಣ ಕಿಟಕಿ.
ಮೃತರ ಹೆಸರು: ಬರೆದೆ.
ಮೃತರಿಗೂ ಅರ್ಜಿದಾರರಿಗೂ ಸಂಬಂಧ:
ಪೆನ್ನು ನಿಂತಿತು.
ಏನಂತ ಬರೆಯಲಿ,
ಅವರ ಚಿತ್ರದ ಕೆಳಗೆ ಕೂತು
ಎರಡನೇ ಸಲ ಚಟ್ನಿ ಕೇಳಿದವಳು ಅಂತಲೇ?
“ಖಾಲಿ ಬಿಡಂಗಿಲ್ಲ” ಅಂದ ಗುಮಾಸ್ತ.
‘ಗಿರಾಕಿ’ ಅಂತ ಬರೆದೆ.

ಅವರು ಕಡತ ಹುಡುಕಿದ ಹದಿನೈದು ದಿನವೂ
ಕಾಣದ ಮನುಷ್ಯನ ಸಾವನ್ನು
ಹಿಂದಕ್ಕೆ ಹಿಂದಕ್ಕೆ ತಳ್ಳಿದೆ.
ಅರವತ್ತೆರಡರಲ್ಲಿ ಹೋಗಿರಲಿ.
ಅರವತ್ನಾಲ್ಕಾದರೂ ಪರವಾಗಿಲ್ಲ.
ಒಂದು ಜ್ವರ, ಒಂದು ಹಾವು, ಗಾಡಿಯ ಚಕ್ರ, ಏನಾದರೂ.
ಕಡ್ಡಿ ಹಿಡಿದು ಎಣಿಸುತ್ತ ಎಣಿಸುತ್ತ
ಕೊಂದೆ ಅವರನ್ನು, ಪ್ರತಿ ಸಲವೂ ಇನ್ನಷ್ಟು ಬೇಗ,
ತಾಳ ತಪ್ಪದೆ.

ಸಾವಿರದ ಒಂಬೈನೂರ ಅರವತ್ತೇಳು, ನವೆಂಬರು.
ಅಂದರೆ ಕಾನೂನಿನ ಲೆಕ್ಕಕ್ಕೆ ಕಾಳಾಚಾರರು
ಇನ್ನೂ ಎರಡು ವರ್ಷ ಚಿಲ್ಲರೆ ಬದುಕಿದ್ದಾರೆ.

“ಕಾಯೋಣ್ವಾ?” ಅಂದ ಸಲ್ಡಾನ.
“ಯಾರ್ಗೆ ಗೊತ್ತಾಗುತ್ತೆ, ಹಾಕ್ಬಿಡಾಣ” ಅಂದ ಇಮ್ತಿಯಾಜ್.
ನಾನು ಅರಕಲಗೂಡಿನ ಬಸ್ಸು ಹತ್ತಿದೆ.

ಮಗಳು ಕಮಲಾಕ್ಷಮ್ಮ ಹೊಲಿಗೆ ಮೆಷಿನ್ನಿನಿಂದ ಏಳಲಿಲ್ಲ.
“ಬ್ಯಾಂಡು ಅಂದ್ರೆ ಮದುವೇದಾ?”
ಫೋನು ತೋರಿಸಿದೆ.
ಎರಡು ಬೆರಳಲ್ಲಿ ಬೆನ್ನನ್ನು ಹಿಗ್ಗಿಸಿದರು,
ಜಡೆಯ ಗಂಟಿನವರೆಗೆ, ಬಣ್ಣ ಒಡೆದು ಚೂರಾಗುವವರೆಗೆ.
“ನಮ್ಮವ್ವ.
ಅವತ್ತು ಅಪ್ಪನ ಮೇಲೆ ಕೋಪ.
ಬರಿಯೋದಾದ್ರೆ ಬೆನ್ನು ಬರ್ಕಳಿ ಅಂದ್ಲಂತೆ.
ಬರ್ದ್ರು.”

ಕರಾರು ಓದಿದರು. ಅವಧಿ. ಮೊತ್ತ.
ಪ್ರದೇಶ: ಪ್ರಪಂಚದಾದ್ಯಂತ.
“ಅಷ್ಟು ದೂರಾನಾ? ಗೊರೂರು ದಾಟ್ದೋಳಲ್ಲ ನಮ್ಮವ್ವ.”
ಐದು ಸಾವಿರ ಕೇಳಿದರು. ನಾಲ್ಕು ಅಂದೆ.
ಮೆಷಿನ್ನು ತುಳಿಯತೊಡಗಿದರು.
ಐದಾಯಿತು.
ಸಹಿಗೆ ಮೊದಲು ಒಂದು ಸಾಲು ತಾವೇ ಸೇರಿಸಿದರು,
ಬಖಿಯಾ ಹಾಕಿದಂಥ ಅಕ್ಷರದಲ್ಲಿ:
ಬೆನ್ನ ಮೇಲೆ ಏನೂ ಬರೆಯಬಾರದು.

ಅದಕ್ಕೇ ನಮ್ಮ ಹೆಸರು ಕವರಿನ ತೀರ ಕೆಳಗಿದೆ,
ಕಣ್ಣು ಕಿರಿದು ಮಾಡಬೇಕು.
ಅವರ ಹೆಸರು ಅದಕ್ಕಿಂತ ಒಂದು ನೂಲು ದೊಡ್ಡದು.
ಇಪ್ಪತ್ತೆಂಟರ ಜನವರಿ ಒಂದಕ್ಕೆ ಅವಳು ಎಲ್ಲರವಳು.
ಸೋಪಿನ ಪೊಟ್ಟಣಕ್ಕೆ, ಫ್ಲೆಕ್ಸಿಗೆ, ಕ್ಯಾಲೆಂಡರಿಗೆ
ಯಾರನ್ನೂ ಕೇಳಬೇಕಿಲ್ಲ.
ಅವಳೇನೂ ಆಗ ತಿರುಗಿ ನೋಡುವುದಿಲ್ಲ.

ಪಟ್ಟಾಭಿಗಳ ಬಾಕಿ ಮುನ್ನೂರ ನಲವತ್ತು.
ಅದಕ್ಕೆ ಅವಧಿ ಮುಗಿಯುವುದೇ ಇಲ್ಲವಂತೆ.