ಗೆರಟೆಗಳ ಲೆಕ್ಕ

ಐರಿನಳ ಬಲಗೈಗೆ ಪ್ಲಾಸ್ಟರ್ ಬಿದ್ದ ಮರುದಿನ
ನಾನು ಬಂದರಿನ ಅಂಗಡಿಯಲ್ಲಿದ್ದೆ.
ಹಫೀಝ್ ಮೇಜಿನ ಮೇಲೆ ಹರಡಿದ:
ಗಿರಗಿರ ತಿರುಗುವುದು, ಬೀಸಣಿಗೆಯಂತೆ ಬಾಗಿ ಏಳುವುದು,
ನೆಲದೊಳಗೆ ಅಡಗಿದ್ದು ಹೊತ್ತಿಗೆ ಸರಿಯಾಗಿ ತಲೆ ಎತ್ತುವುದು.
ಸಾರ್, ನಿಮ್ಮ ಪ್ರೆಶರ್ ಎಷ್ಟು?
ನೂರಾ ನಲವತ್ತು ಬೈ ತೊಂಬತ್ತು, ಅಂದೆ.
ಅವನು ನಗಲಿಲ್ಲ. ನೀರಿನದ್ದು, ಅಂದ.

ನೀರಿನದ್ದು ಯಾರಿಗೆ ಗೊತ್ತು?
ಕುಲಶೇಖರದ ಏರಿನಲ್ಲಿ ಮನೆ,
ಏಪ್ರಿಲಿನಲ್ಲಿ ದಿನ ಬಿಟ್ಟು ದಿನ ಬರುವ ನಳ್ಳಿ,
ತಾರಸಿಯಲ್ಲೊಂದು ಕಪ್ಪು ಟ್ಯಾಂಕಿ,
ಕೆಂಪುಕಲ್ಲಿನ ಮೇಲೆ ಗೇಣು ಮಣ್ಣು, ಅದರ ಮೇಲೆ
ಹನ್ನೆರಡು ಮಂಚ ಹಾಕಬಹುದಾದಷ್ಟು ಹುಲ್ಲು.

ಅಡಗುವುದನ್ನೇ ತಂದೆ. ಬೆಲೆ ಹೆಚ್ಚು, ಮರ್ಯಾದೆಯೂ ಹೆಚ್ಚು.
ಟ್ಯಾಂಕಿಯ ನೀರಿಗೆ ಅದು ಅರ್ಧ ತಲೆ ಎತ್ತಿ,
ಉಗುಳು ನುಂಗಿ, ಮತ್ತೆ ಒಳಗೆ ಹೋಯಿತು.
ಹೊಸ ಅಳಿಯ ಊಟಕ್ಕೆ ಕೂತ ಹಾಗೆ, ಅಂದಳು ಐರಿನ್,
ಜಗಲಿಯಲ್ಲಿ ಕೈ ಜೋಲಿ ಹಾಕಿಕೊಂಡು.

ಹಿಂದಿರುಗಿಸಿ ಗಿರಗಿರದ್ದು ತಂದೆ.
ಈ ಸಲ ಅವಳೇ ಹೇಳಿದಳು: ಗೆರಟೆ ಇಡಿ.
ಬಚ್ಚಲೊಲೆಗೆಂದು ಒಟ್ಟಿದ ರಾಶಿಯಿಂದ ಹದಿನಾರು,
ಹುಲ್ಲಿನ ಮೇಲೆ ಸಾಲಾಗಿ, ಬಾಯಿ ಮೇಲೆ ಮಾಡಿ.
ಕಾಲು ಗಂಟೆ ಬಿಟ್ಟು ಬೆರಳದ್ದಿ ಅಳೆದೆ:
ನಡುವೆ ಎರಡು ಗೆಣ್ಣು,
ಗೇಟಿನ ಬಳಿ ಒಂದು,
ಪೇರಳೆಯ ಬುಡದಲ್ಲಿ ಒಂದು ಇರುವೆ.
ಸಂಜೆ ಕಡಲಗಾಳಿ ಎದ್ದಾಗ ಇನ್ನೊಮ್ಮೆ.
ಪಡುವಣ ಸಾಲು ಪೂರಾ ಖಾಲಿ,
ನೀರೆಲ್ಲ ಮೂಡಣ ಗೋಡೆ ಹಾರಿ
ಗಿರಿಯಪ್ಪ ಬೆಳ್ಚಡರ ಬಸಳೆ ಚಪ್ಪರಕ್ಕೆ.

ಬೆಳಗ್ಗೆ ಆರಕ್ಕೆ ಬಿಡಿ, ಗಾಳಿ ಇರುವುದಿಲ್ಲ,
ಅಂದ ಹಫೀಝ್ ಫೋನಿನಲ್ಲಿ.
ಸಣ್ಣ ತೂತಿನದ್ದು ಎರಡು ಇಡಿ ಸಾರ್,
ಒಂದರ ನೀರು ಇನ್ನೊಂದರ ಕಾಲು ತೊಳೆಯಬೇಕು.
ಅದೇ ಸರಿಹೋಯಿತು. ಹದಿನಾರೂ ಗೆರಟೆ
ಹೆಚ್ಚುಕಮ್ಮಿ ಒಂದೇ ಮಾತು ಹೇಳಿದವು.
ಮೂರನೆಯ ವಾರಕ್ಕೆ ಬಸಳೆ ಸೊರಗಿತು.

ಪ್ಲಾಸ್ಟರ್ ಬಿಚ್ಚಿದ ದಿನ
ಬಿಳಿಚಿದ ಕೈಯಲ್ಲಿ ಅವಳು ಹಳೇ ಪೈಪು ಎತ್ತಿದಳು,
ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು
ಹತ್ತಿರಕ್ಕೆ ಸಡಿಲ, ದೂರಕ್ಕೆ ಬಿಗಿ.
ಪೇರಳೆಯ ಬುಡದಲ್ಲಿ ನಾನು ಮರೆತಿದ್ದ ಗೆರಟೆ
ಪಟ್ಟೆಂದು ಮಗುಚಿತು.
ಆಮೇಲೆ ಗಾಳಿ ಬರುವವರೆಗೆ ಕಾದು
ಪೈಪನ್ನು ಒಂದಿಷ್ಟು ಎತ್ತರಿಸಿದಳು.

ಹೆಬ್ಬೆರಳು ಊದಿತ್ತು.
ನಾಳೆ ಆರಕ್ಕೆ ನಾನೇ ನೀರು ಬಿಡುತ್ತೇನೆ, ಅಂದೆ.
ಬಿಡಿ, ಅಂದಳು. ಐದು ಗಂಟೆಯದ್ದು ನನಗಿರಲಿ.