ಸುಂಕು

ಹೆಬ್ಬಾಳದ ಮೇಲುಸೇತುವೆಯ ಗದ್ದಲಕ್ಕೆ ಬೆನ್ನು ಹಾಕಿ
ಎಂಟು ಗುಂಟೆ ಜವೆಗೋಧಿ.
ಈ ಊರಿಗೆ ಒಗ್ಗದ ಪೈರು ಅಂತ
ಮೊದಲ ವರ್ಷವೇ ನಕ್ಕವರುಂಟು.

ಮೂವತ್ತೊಂದು ತಳಿ, ಒಂದೇ ರಾಶಿಯಲ್ಲಿ ಬೆರೆಸಿದ್ದೆವು:
ಕುಳ್ಳು, ಉದ್ದ, ಎರಡು ಸಾಲಿನದು, ಆರು ಸಾಲಿನದು,
ಎಲ್ಲಿಯದೋ ಹಿಮದ ಊರಿನ ಕಪ್ಪು ಕಾಳು ಕೂಡ.
ಬಿತ್ತು, ಕೊಯ್ಯಿ, ಬಡಿ, ತೂಗು, ಅದನ್ನೇ ಮತ್ತೆ ಬಿತ್ತು.
ಆರಿಸಬೇಡ. ಅದೊಂದೇ ನಿಯಮ.
ಕಬ್ಬಿಣದ ಬೀರುವಿನ ಒಳಬಾಗಿಲಿಗೆ
ನಾನೇ ಬರೆದು ಅಂಟಿಸಿದ್ದೆ.

ಆರಿಸುವುದು ನವೆಂಬರಿನ ಮೋಡ, ಫೆಬ್ರವರಿಯ ಧಗೆ,
ರಾಟವಾಳದ ಹಿಂಡು, ಎಲೆಚುಕ್ಕೆ ರೋಗ,
ಪಕ್ಕದವನ ನೆರಳು.
ಅವರೆದುರು ಗೋಳಾಡಿ ಏನು ಬಂತು,
ಸುಂಕದವನ ಮುಂದೆ ಸುಖದುಃಖ.

ಕುಳ್ಳು ಮೂರನೆಯ ವರ್ಷಕ್ಕೇ ಕಾಣೆ.
ಒಂಟಿಯಾಗಿ ಬಿತ್ತಿದರೆ ಎಲ್ಲಕ್ಕಿಂತ ಹೆಚ್ಚು ಕೊಡುವುದು ಅದೇ,
ಪಕ್ಕದ ಮಡಿಯಲ್ಲಿ ಕೊಟ್ಟಿದೆ, ಲೆಕ್ಕ ಇದೆ.
ಗುಂಪಿನಲ್ಲಿ ಮಾತ್ರ ಉದ್ದದವರ ಕಂಕುಳಲ್ಲಿ ಉಸಿರುಕಟ್ಟಿ
ಒಂದು ತೆನೆಯೂ ತುಂಬಲಿಲ್ಲ.
ಗೆದ್ದದ್ದೆಲ್ಲ ಒಳ್ಳೆಯದಲ್ಲ ಎಂದು
ಟಿಪ್ಪಣಿಯಲ್ಲಿ ಬರೆದು, ಹೊಡೆದುಹಾಕಿದೆ.

ಆದರೂ ಇಳುವರಿ ಏರಿತು. ನಿಧಾನ,
ಮೆಟ್ಟಿಲು ಹತ್ತುವ ಮುದುಕರ ಹಾಗೆ, ನಿಂತು ನಿಂತು.
ಜೊತೆಗೆ ಇನ್ನೊಂದು. ಸುಂಕಿಲ್ಲದ ಬೋಳು ತೆನೆ
ವರ್ಷ ವರ್ಷ ಹೆಚ್ಚಿ, ಒಂಬತ್ತನೆಯ ಸುಗ್ಗಿಗೆ
ಮುಕ್ಕಾಲು ಪಾಲು.
ಹಕ್ಕಿಗೆ ಬೋಳೇ ಅಲ್ಲವೇ ಸುಲಭ? ಲೆಕ್ಕ ತಿರುಗಾಮುರುಗಾ.
ಮೂರು ಪುಟ ಕಾರಣ ಬರೆದೆ. ಗಾಳಿ, ತೇವ, ಬೇರು.

ಹನ್ನೊಂದನೆಯ ಸುಗ್ಗಿಯಲ್ಲಿ ಅಕ್ಕಯಮ್ಮ
ಕುಡುಗೋಲು ಮಂಡಿಗೆ ಒರಗಿಸಿ ಎಲೆಗೆ ಸುಣ್ಣ ಸವರುತ್ತ:
"ಮುಳ್ಳುಮುಳ್ಳಿಂದು ನಾನು ಹೊರೆಗೆ ಸೇರಿಸ್ತಾನೇ ಇರ್ಲಿಲ್ಲ ಕಣವ್ವ.
ಕೈಯೆಲ್ಲ ಉರಿ, ರವಿಕೆ ಒಳಕ್ಕೆಲ್ಲ ಹೋಯ್ತದೆ.
ಸಿಕ್ಕಷ್ಟು ಕಿತ್ತು ಬದದಾಚೆಗೆ ಎಸೀತಿದ್ದೆ.
ಯಾಕೆ, ಬೇಕಿತ್ತಾ?"

ಸುಂಕು ಚುಚ್ಚಿದ್ದಕ್ಕೆ ಅವಳು ಎತ್ತಿದ ಸುಂಕ.
ಹನ್ನೊಂದು ವರ್ಷ, ದಿನಗೂಲಿಯಲ್ಲಿ.

ಬದು ದಾಟಿ ನೋಡಿದೆ.
ಕಾಂಪೌಂಡ್ ಗೋಡೆಗುಂಟ, ಪಾರ್ಥೇನಿಯಂ ಸಂದಿಯಲ್ಲಿ,
ಯಾರೂ ಬಿತ್ತದ, ಯಾರೂ ತೂಗದ ಜವೆಗೋಧಿ
ಮೀಸೆ ಬಿಟ್ಟುಕೊಂಡು ನಿಂತಿತ್ತು.
ಅದರ ನಡುವೆ ಒಂದು ಕುಳ್ಳು.
ತೆನೆ ತುಂಬಿತ್ತು, ಮುಟ್ಟಿದರೆ ಚುಚ್ಚಿತು.

ರಿಜಿಸ್ಟರಿನಲ್ಲಿ ‘ಆಯ್ಕೆ’ ಎಂಬ ಕಾಲಮಿನ ಕೆಳಗೆ
ಹತ್ತು ಸಲ ‘ನೈಸರ್ಗಿಕ’ ಎಂದಿದೆ, ನನ್ನದೇ ಅಕ್ಷರ.
ಹೊಡೆದುಹಾಕಲು ಪೆನ್ನು ತೆಗೆದವಳು
ಕಿಟಕಿಯಾಚೆ ಅಕ್ಕಯಮ್ಮ ಅಂಗೈಗೆ ಉಫ್ ಎನ್ನುವುದನ್ನು ಕಂಡೆ.
ಹನ್ನೊಂದನೆಯದನ್ನೂ ಹಾಗೇ ಬರೆದು
ತೂಕ ತುಂಬಿಸಿದೆ.