ಆಚೀಕಡಿ ನೀರು

ಬ್ರಹ್ಮಪುರದ ನಮ್ಮ ಮನಿಯೊಳಗ
ಎರಡೂವರಿ ಫೂಟಿನ ಗಾಜಿನ ಪೆಟ್ಟಿಗಿ,
ಒಳಗ ಐದು ಮೀನ.
ಮಗಳು ಚಿನ್ಮಯಿ ನಾಕಕ್ಕ ಹೆಸರಿಟ್ಟಿದ್ದಳು.
ಐದನೇದಕ್ಕ ಇನ್ನಾ ಯೋಚನಿ ನಡದಿತ್ತು.

ಮೇ ತಿಂಗಳು. ಮಧ್ಯಾಹ್ನ ನಳ ತಿರುವಿದ್ರ
ಚಹಾಕ್ಕ ಆಗೋವಷ್ಟು ಬಿಸಿ.
ಮೀನ ಮಾರೋ ಜಬ್ಬಾರ್ ಭಾಯಿಗೆ ಫೋನ್ ಹಚ್ಚಿದೆ.
"ಮುಚ್ಚಳ ತಗೀರಿ ಅಕ್ಕಾ, ಕುದ್ದು ಹೋಗ್ತಾವ" ಅಂದ.
ತಗದೆ.
"ತಗದ್ರ ಜಿಗೀತಾವ, ನೋಡ್ಕೊಂಡಿರ್ರಿ" ಅಂತ
ಆಮ್ಯಾಲ ಅವ ಅಂದದ್ದು ಕೇಳಿಸಲಿಲ್ಲ,
ಅಷ್ಟರಾಗ ಕುಕ್ಕರ್ ಕೂಗಿತ್ತು.

ರಾತ್ರಿ ಲೈಟ್ ಹೋತು.
ಚಾದರ, ತಂಬಿಗಿ, ಬೀಸಣಿಕಿ ಹಿಡಕೊಂಡು
ಎಲ್ಲಾರೂ ಮಾಳಿಗಿ ಏರಿದಿವಿ.
ಓಣಿ ತುಂಬ ಮಾಳಿಗಿ ಮಾಳಿಗಿ ಮ್ಯಾಲ ಮಂದಿ,
ಬಾಯಿ ತಕ್ಕೊಂಡು, ಆಕಾಶಕ್ಕ ಮುಖ ಮಾಡಿ.
ಕೆಳಗ ಮನಿ ಅನ್ನೋ ಮನಿ ಖಾಲಿ.
ಪಂಪಿನ ಗುಳುಗುಳು ಯಾವಾಗ ನಿಂತಿತೋ
ಯಾರಿಗೂ ನೆನಪಿಲ್ಲ.

ನೀರು ಕುಡೀಲಕ್ಕ ನಾ ಒಬ್ಬಾಕಿ ಇಳದೆ.
ಕತ್ತಲಾಗ, ಪರಸಿ ಮ್ಯಾಲ,
ಕಾಲಿಗೆ ಏನೋ ತಣ್ಣಗ ತಾಕ್ತು.
ಆ ಹೊತ್ತಿನಾಗ ಮನಿಯೊಳಗ
ತಣ್ಣಗಿದ್ದದ್ದು ಅದೊಂದೇ.
ಮೊಬೈಲ್ ಬೆಳಕು ಬಿಟ್ಟೆ:
ಹೆಸರಿಲ್ಲದ್ದು.
ಮೈತುಂಬ ದೂಳು, ಯಾರದೋ ತಲಿಗೂದಲದ ಎಳಿ,
ರೆಕ್ಕಿಗೆ ಎರಡು ಇರಿವಿ.
ಕಿವಿರು ತಗದು, ಮುಚ್ಚಿ, ತಗದು,
ಓದು ಕಲಿಯೋ ಕೂಸು ಒಂದೇ ಅಕ್ಷರ
ತಿರುಗಿ ತಿರುಗಿ ಓದಿದಂಗ.

ಯಾಕ ಜಿಗೀತು?
ಉಸಿರು ಸಾಲಲಿಲ್ಲ, ಅಂತಾನ ಜಬ್ಬಾರ್.
ದೊಡ್ಡದು ಬೆನ್ನ ಹತ್ತಿರಬೇಕು, ಅಂತಾಳ ನಮ್ಮತ್ತಿ;
ಹತ್ತೊಂಬತ್ತು ಮಂದಿ ಇದ್ದ ಮನಿಗೆ
ಸೊಸಿಯಾಗಿ ಬಂದಾಕಿ, ಅಕಿಗೆ ಗೊತ್ತು.
ಚಿನ್ಮಯಿ ಅಳಕೋತ ಅಂದಳು,
"ಹೆಸರಿಡಲಿಲ್ಲಂತ ಸಿಟ್ಟು ಅದಕ್ಕ."

ನನಗ ನೆನಪಾಗೋದು ಕಾಗಿಣಾ ದಂಡಿ.
ಹೊಳಿ ಬತ್ತೋ ದಿನದಾಗ
ಮಡುವಿನಾಗ ಸಿಕ್ಕೊಂಡ ಮೀನ
ಹಾಸುಗಲ್ಲು ದಾಟಿ ಹಾರ್ತಿದ್ವು.
ಆಚೀಕಡಿ ಏನದ, ಅವು ನೋಡಿದ್ದಿಲ್ಲ.
ಅವುಗಳ ಅವ್ವ ಹಾರಿದ್ದಳು, ಅಕಿ ಅವ್ವ ಹಾರಿದ್ದಳು,
ಹಾರಿದ ಕಡಿ ನೀರು ಸಿಕ್ಕವರ ಮಕ್ಕಳಷ್ಟೇ
ಮತ್ತ ಹಾರಲಕ್ಕ ಉಳದಿದ್ರು.
ಸಿಗದವರ ಮಾತು
ಹೇಳಲಕ್ಕ ಯಾರೂ ಇಲ್ಲ.

ಮತ್ತ ಈ ಪರಸಿ.
ನಮ್ಮಪ್ಪ ಶಹಾಬಾದ್ ಖಣಿಯೊಳಗ ಕಲ್ಲು ಎಬ್ಬಿಸ್ತಿದ್ದ.
ಪದರು ಎತ್ತಿ, ಅಂಗೈಲೆ ಒರಸಿ ತೋರಿಸ್ತಿದ್ದ:
"ನೋಡವ್ವ, ತೆರಿ ಗೀರು. ಇಲ್ಲಿ ಸಮುದ್ರ ಇತ್ತು."
"ಯಾವಾಗ ಅಪ್ಪಾ?"
"ನಾ ಬರೋಕಿಂತ ಮದಲ" ಅಂತಿದ್ದ,
ತಾ ಬರೋದು ಎರಡು ದಿನ ತಡ ಆದಂಗ.
ಅದೇ ಕಲ್ಲು ಈಗ ನಮ್ಮ ಮನಿ ನೆಲ.
ಮೀನ ತಪ್ಪು ಜಾಗಕ್ಕ ಹಾರಿಲ್ಲ.
ತಡ ಆಗ್ಯಾದ, ಅಷ್ಟೇ.

ಎರಡೂ ಕೈಲೆ ಎತ್ತಿ ನೀರಿಗೆ ಬಿಟ್ಟೆ.
ಭಾಳ ಹೊತ್ತು ಮಗ್ಗಲಾಗೇ ಇತ್ತು.
ತಂಬಿಗಿಲೆ ನೀರು ಎತ್ತಿ ಎತ್ತಿ ಸುರುವಿದೆ,
ಪಂಪಿನ ಕೆಲಸ ನಾ ಮಾಡಿದೆ
ಲೈಟ್ ಬರೋತನ.
ನಸುಕಿನಾಗ ಅದು ನೆಟ್ಟಗಾತು.
ಒಂದು ಕಣ್ಣು ಮಬ್ಬು. ಹೆಸರು ಇನ್ನಾ ಇಟ್ಟಿಲ್ಲ.

ಈಗ ಪೆಟ್ಟಿಗಿ ಮ್ಯಾಲ ಸೊಳ್ಳಿಪರದಿ ಹಾಸಿ
ಬಟ್ಟಿ ಒಣಗ್ಹಾಕೋ ಕ್ಲಿಪ್ ಹಾಕೀನಿ.
ಗಾಳಿ ಆಡ್ತದ.
ಒಮ್ಮೊಮ್ಮೆ ನಡುರಾತ್ರಿ, ಮಾಳಿಗಿ ಮ್ಯಾಲ ಮಲಗಿದಾಗ,
ಕೆಳಗ ಟಪ್ ಅಂತದ.
ಪರದಿಗೆ ತಾಕಿ, ತಿರುಗಿ ನೀರಿಗೆ ಬೀಳೋ ಸಪ್ಪಳ.
ಎಲ್ಲಾರೂ ನಿದ್ದಿಯೊಳಗ.
ನಾ ಎದ್ದು
ಮಾಳಿಗಿ ಅಂಚಿನ ತನಕ ಹೋಗಿ
ಆಚೀಕಡಿ ಒಮ್ಮೆ ನೋಡಿ ಬರ್ತೀನಿ.